ಅಕ್ಕನ ಮಗನ ಗೇಮಿಂಗ್ ಕಂಪ್ಯೂಟರ್: ಒಂದು ಮಳೆಗಾಲ ಕಳೆದ ಮೇಲೆ

ಅಕ್ಕನ ಮಗನಿಗೆ 2025ರ ಬೇಸಿಗೆಯಲ್ಲಿ ಒಂದು ಗೇಮಿಂಗ್ ಕಂಪ್ಯೂಟರ್ ಜೋಡಿಸಿ ಕೊಟ್ಟೆವು. ಮಾನಿಟರ್, ಯುಪಿಎಸ್, ಕೀಬೋರ್ಡ್ ಎಲ್ಲ ಸೇರಿ 67 ಸಾವಿರ ಚಿಲ್ಲರೆ ಆಯಿತು. ಅದು ಈಗ ಒಂದು ಇಡೀ ಮಳೆಗಾಲ ಕಂಡಿದೆ, ಅದರ ಬೆನ್ನಿಗೇ ಬರುವ ಅಕ್ಟೋಬರಿನ ಗುಡುಗು ಸಿಡಿಲನ್ನೂ ಕಂಡಿದೆ. ಇನ್ನು ಅದರ ಬಗ್ಗೆ ಧೈರ್ಯವಾಗಿ ಬರೆಯಬಹುದು. ತುಂಬಾ ಒಳ್ಳೆಯ ಯಂತ್ರ. ಆದರೆ ನಮ್ಮ ಕಾಸರಗೋಡಿನ ಹಳ್ಳಿಮನೆಗೆ ಇಂಥದ್ದು ತರುವವರು ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗಿಂತ ಮೊದಲು ಕರೆಂಟಿನ ಕಡೆ ನೋಡಬೇಕು. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ನಾನು ಅಕ್ಷಯ ಕೇಂದ್ರದಲ್ಲಿ, ಅಂದರೆ ಕೇರಳ ಸರಕಾರದ ಆನ್‌ಲೈನ್ ಸೇವೆಗಳ ಕೇಂದ್ರದಲ್ಲಿ, ಕೆಲಸ ಮಾಡುವವಳು. ಕಂಪ್ಯೂಟರ್ ಹಾಳಾಗುವುದನ್ನು ದಿನಾ ನೋಡುತ್ತೇನೆ. ಹೆಚ್ಚಿನವು ಸಾಯುವುದು ಪವರ್ ಸಪ್ಲೈಯಿಂದಲೇ, ಅಂದರೆ ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹದಮಾಡಿ ಕೊಡುವ ಪೆಟ್ಟಿಗೆಯಿಂದ.

ಹುಡುಗನ ಆಸೆ ಸರಳ. ವ್ಯಾಲೊರಂಟ್, ಜಿಟಿಎ ಫೈವ್, ಫೋರ್ಜಾ ಹೊರೈಜನ್ ಆಡಬೇಕು. ಜೊತೆಗೆ ಊರಿನ ಯಕ್ಷಗಾನದ ವಿಡಿಯೊ ತೆಗೆದು ಎಡಿಟ್ ಮಾಡಬೇಕು. ನಮ್ಮ ಕಡೆ ಯಕ್ಷಗಾನಕ್ಕೂ ಆಟ ಎಂದೇ ಹೇಳುವುದು, ಕುಂಬಳೆಯ ಸೀಮೆಯಲ್ಲಿ ಹುಟ್ಟಿದವನಿಗೆ ಎರಡೂ ಆಟವೇ. ಭಾವ ಮಾತ್ರ ಒಪ್ಪಲು ಸ್ವಲ್ಪ ದಿನ ತೆಗೆದುಕೊಂಡರು. "ಎಂತ ಮಾರಾಯ್ತಿ, ಆಡ್ಲಿಕ್ಕೆ ಇಷ್ಟು ದುಡ್ಡಾ?" ಎಂದರು. "ಭಾವ, ಒಳ್ಳೆಯ ಮೊಬೈಲಿಗೂ ಇಷ್ಟಾಗ್ತದೆ. ಅದು ಮೂರು ವರ್ಷಕ್ಕೆ ಮುಗೀತದೆ. ಇದರಲ್ಲಿ ಒಂದು ಭಾಗ ಹಾಳಾದರೆ ಅದೊಂದನ್ನೇ ಬದಲಿಸಬಹುದು" ಎಂದೆ. 70 ಸಾವಿರದ ಮೇಲೆ ಒಂದು ರೂಪಾಯಿ ಇಲ್ಲ ಎಂದು ಗೆರೆ ಎಳೆದರು. ನನಗೆ ಅಷ್ಟು ಸಾಕಿತ್ತು.

ಅದಕ್ಕೆ ಮೊದಲು ಅವರು ಪೇಟೆಯ ಒಂದು ಅಂಗಡಿಯಲ್ಲಿ 32 ಸಾವಿರದ ರೆಡಿಮೇಡ್ 'ಗೇಮಿಂಗ್ ಪಿಸಿ' ನೋಡಿ ಬಂದಿದ್ದರು. ಗಾಜಿನ ಬಾಗಿಲು, ಬಣ್ಣಬಣ್ಣದ ಫ್ಯಾನು. ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಎಂದು ಚೀಟಿ ಅಂಟಿಸಿದ್ದರಂತೆ. ನಾನೇ ಹೋಗಿ ಆನ್ ಮಾಡಿಸಿ ನೋಡಿದೆ. ಪ್ರೊಸೆಸರ್ ಇಂಟೆಲ್ ಐ7 ಹೌದು, ಆದರೆ 3770. ಮೊದಲ ಅಂಕೆ 3 ಅಂದರೆ ಮೂರನೇ ತಲೆಮಾರು, 2012ರದ್ದು. ಗ್ರಾಫಿಕ್ಸ್ ಕಾರ್ಡ್ ಜಿಟಿ 730, 2014ರದ್ದು. ವಿಂಡೋಸ್ 11ಕ್ಕೆ ಆ ಪ್ರೊಸೆಸರ್ ಲೆಕ್ಕಕ್ಕೇ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಓಡಬೇಕಾದರೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ವ್ಯವಸ್ಥೆಗಳೂ ಬೇಕು. ಇದೆಲ್ಲ ಗೊತ್ತಿಲ್ಲದ ತಂದೆ ತಾಯಿ ಐ7 ಎಂಬ ಹೆಸರು ನೋಡಿ ದುಡ್ಡು ಕೊಟ್ಟು ಬರುತ್ತಾರೆ. ನನಗೆ ತುಂಬಾ ಬೇಜಾರಾಗುವ ವಿಷಯ ಇದು. ದಯವಿಟ್ಟು ಆ ನಾಲ್ಕೈದು ಅಂಕೆಗಳನ್ನು ಓದಿ, ಆಮೇಲೆ ಜೇಬಿಗೆ ಕೈ ಹಾಕಿ.

ನಾವು ತೆಗೆದುಕೊಂಡದ್ದು ಎಎಂಡಿ ರೈಜನ್ 5 5600 ಪ್ರೊಸೆಸರ್. ಆರು ಕೋರ್, ಹನ್ನೆರಡು ಥ್ರೆಡ್, ಅದನ್ನು ತಂಪು ಮಾಡುವ ಕೂಲರ್ ಡಬ್ಬದಲ್ಲೇ ಬರುತ್ತದೆ. ಎಂಎಸ್‌ಐನ ಬಿ550ಎಂ ಪ್ರೊ-ವಿಡಿಎಚ್ ಮದರ್‌ಬೋರ್ಡ್. 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್. ಡಬ್ಲ್ಯೂಡಿ ಬ್ಲೂ ಎಸ್‌ಎನ್580 ಎಸ್‌ಎಸ್‌ಡಿ, 1 ಟಿಬಿ. ಗ್ರಾಫಿಕ್ಸಿಗೆ ಸಫೈರ್ ಪಲ್ಸ್ ಆರ್‌ಎಕ್ಸ್ 6600, 8 ಜಿಬಿ. ಕಾರ್ಡಿಗೆ 19,600 ಬಿತ್ತು, ಎಲ್ಲಕ್ಕಿಂತ ದೊಡ್ಡ ಖರ್ಚು ಅದೇ. ಕೆಲವು ಮಂಗಳೂರಿನಿಂದ ತಂದದ್ದು, ಕೆಲವು ಆನ್‌ಲೈನ್. ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಆಚೆ ಕೊಂಡರೂ ಈಚೆ ಕೊಂಡರೂ ಜಿಎಸ್‌ಟಿ 18 ಶೇಕಡಾವೇ. ಹಾಗಾಗಿ ಎಲ್ಲಿ ಬಿಲ್ ಸರಿಯಾಗಿ ಕೊಡುತ್ತಾರೋ ಅಲ್ಲೇ ಕೊಳ್ಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿ ಇಟ್ಟುಕೊಳ್ಳಿ.

ಇನ್ನು ಕರೆಂಟಿನ ವಿಷಯ.

ಅಕ್ಕನ ಮನೆ ಅಡಿಕೆ ತೋಟದ ನಡುವೆ ಇದೆ. ಬೇಸಿಗೆಯಲ್ಲಿ ತೋಟದ ಪಂಪು ಶುರುವಾಗುವಾಗ ಮನೆಯ ಬಲ್ಬು ಒಮ್ಮೆ ಕೆಂಪಗಾಗುತ್ತದೆ. ಸಂಜೆ ವೋಲ್ಟೇಜ್ 180ಕ್ಕೆ ಇಳಿಯುವುದೂ ಉಂಟು. ಪವರ್ ಸಪ್ಲೈಯ ಬದಿಯಲ್ಲಿ ಅಂಟಿಸಿದ ಚೀಟಿ ನೋಡಿ. ಕೆಲವದರಲ್ಲಿ 200-240 ವೋಲ್ಟ್ ಎಂದಿರುತ್ತದೆ. ಇನ್ನು ಕೆಲವದರಲ್ಲಿ 100-240. ನಮಗೆ ಬೇಕಾದ್ದು ಎರಡನೆಯದು. ನಾವು ಕೋರ್ಸೇರ್ ಸಿಎಕ್ಸ್550 ಹಾಕಿದೆವು. 550 ವ್ಯಾಟ್, 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಮುದ್ರೆ ಇರುವುದು. 4,400 ಆಯಿತು. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಪವರ್ ಸಪ್ಲೈ ಬೇಡವೇ ಬೇಡ. ಅದು ಹೋಗುವಾಗ ಬೋರ್ಡನ್ನೂ ಕಾರ್ಡನ್ನೂ ಜೊತೆಗೇ ಕರೆದುಕೊಂಡು ಹೋಗುತ್ತದೆ.

ಯುಪಿಎಸ್ ಲೆಕ್ಕವನ್ನೂ ಹೇಳುತ್ತೇನೆ. ಅಂಗಡಿಯಲ್ಲಿ ಕೇಳಿದರೆ ಸುಮ್ನೆ 600 ವಿಎಯದ್ದು ಕೊಟ್ಟು ಕಳಿಸುತ್ತಾರೆ. ಅದು ಸಾಮಾನ್ಯವಾಗಿ 360 ವ್ಯಾಟಿನದ್ದು. ಆರ್‌ಎಕ್ಸ್ 6600 ಒಂದೇ 132 ವ್ಯಾಟ್ ಎಳೆಯುತ್ತದೆ. ಪ್ರೊಸೆಸರ್, ಬೋರ್ಡ್, ಫ್ಯಾನ್, ಮಾನಿಟರ್ ಸೇರಿದರೆ ಆಡುವಾಗ 280ರ ಹತ್ತಿರ ಹೋಗುತ್ತದೆ. ಬ್ಯಾಟರಿ ಸ್ವಲ್ಪ ಹಳತಾದರೆ 600 ವಿಎ ತಾಳುವುದಿಲ್ಲ, ಕರೆಂಟ್ ಹೋದ ಕೂಡಲೇ ಎಲ್ಲ ಆಫ್. ಹಾಗಾಗಿ 1 ಕೆವಿಎ (1000 ವಿಎ) ತಂದೆವು, 5 ಸಾವಿರಕ್ಕೆ. ಆಟ ನಿಲ್ಲಿಸಿ ಸರಿಯಾಗಿ ಶಟ್‌ಡೌನ್ ಮಾಡಲು ಬೇಕಾದಷ್ಟು ಹೊತ್ತು ಆರಾಮವಾಗಿ ಸಿಗುತ್ತದೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗಿ ಬಂದು ಮಾಡುವಾಗ ಅದರ ಬೆಲೆ ಗೊತ್ತಾಯಿತು.

ಅರ್ಥಿಂಗ್ ಬಗ್ಗೆ ಯಾರೂ ಬರೆಯುವುದಿಲ್ಲ. ಮೊದಲ ದಿನ ಕ್ಯಾಬಿನೆಟ್ಟಿನ ಹಿಂದಿನ ಸ್ಕ್ರೂ ಮುಟ್ಟಿದಾಗ ಬೆರಳ ತುದಿಗೆ ಚುರ್ ಎಂದಿತು. ಬರಿಗಾಲಲ್ಲಿ ನಿಂತರೆ ಇನ್ನೂ ಜಾಸ್ತಿ. ಪ್ಲಗ್ಗಿನ ಮೂರನೇ ತೂತಿಗೆ ವಯರೇ ಬಂದಿರಲಿಲ್ಲ. ಇಲೆಕ್ಟ್ರಿಶಿಯನ್ ಬಂದು ಹಳೆಯ ಅರ್ಥ್ ನೋಡಿದರೆ ಬೇಸಿಗೆಯ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ಪೂರ್ತಿ ಒಣಗಿತ್ತು. ಹೊಸ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿಸಿ, ಬಾವಿಕಟ್ಟೆಯ ನೀರು ಹರಿಯುವ ಜಾಗದಲ್ಲಿ ಹಾಕಿದರು. ಚುರ್ ಎನ್ನುವುದು ನಿಂತಿತು. ಈ ಖರ್ಚು ನಮ್ಮ 67 ಸಾವಿರದಲ್ಲಿ ಸೇರಿಲ್ಲ. ಭಾವ ಅದನ್ನು ಮನೆಯ ಖರ್ಚೆಂದು ಬರೆದುಕೊಂಡರು. ಅದು ಸರಿಯೂ ಹೌದು, ಫ್ರಿಜ್ಜಿಗೂ ಅದೇ ಅರ್ಥ್ ಅಲ್ವಾ.

ಆದರೆ ಸಿಡಿಲಿಗೆ ಯುಪಿಎಸ್ಸೂ ಇಲ್ಲ, ಅರ್ಥಿಂಗೂ ಇಲ್ಲ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕಿತ್ತಿಡಬೇಕು. ರೂಟರಿನಿಂದ ಬರುವ ಲ್ಯಾನ್ ಕೇಬಲನ್ನೂ ತೆಗೆಯಬೇಕು. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಬರುವುದಿಲ್ಲ ನಿಜ. ಆದರೆ ಫೈಬರಿನ ಪೆಟ್ಟಿಗೆಗೆ ಒಂದು ಅಡಾಪ್ಟರ್ ಇದೆ, ಅದು ಗೋಡೆಯ ಕರೆಂಟಿಗೇ ಸಿಕ್ಕಿಸಿದ್ದು. ಹುಡುಗ ಇದನ್ನು ಚೆನ್ನಾಗಿ ಕಲಿತಿದ್ದಾನೆ. ಅಕ್ಟೋಬರಿನಲ್ಲಿ ಸಂಜೆಯ ಆಟ ಎಷ್ಟೋ ಸಲ ಅರ್ಧದಲ್ಲಿ ನಿಂತಿತು, ಗೊಣಗಲಿಲ್ಲ.

ಜೋಡಿಸಿದ್ದು ಅವನೇ. ನಾನು ಪಕ್ಕದಲ್ಲಿ ಕೂತು ಹೇಳಿಕೊಟ್ಟೆ. ಈ ಪ್ರೊಸೆಸರಿನ ಅಡಿಯಲ್ಲಿ ಸೂಜಿಯಂಥ ಪಿನ್ನುಗಳಿವೆ, ಮೂಲೆಯಲ್ಲಿ ಒಂದು ಸಣ್ಣ ಚಿನ್ನದ ಬಣ್ಣದ ತ್ರಿಕೋನ. ಅದನ್ನು ಸಾಕೆಟ್ಟಿನ ತ್ರಿಕೋನಕ್ಕೆ ಸರಿ ಹಿಡಿದರೆ ತಾನಾಗಿ ಕೆಳಗಿಳಿದು ಕೂರುತ್ತದೆ. ಒತ್ತಲೇಬಾರದು. 24 ಪಿನ್ನಿನ ದೊಡ್ಡ ಕೇಬಲಿಗೆ ಮಾತ್ರ ಚೆನ್ನಾಗಿ ಒತ್ತಬೇಕು, ಆಗ ಬೋರ್ಡು ಸ್ವಲ್ಪ ಬಾಗುತ್ತದೆ. "ಚಿಕ್ಕಮ್ಮ, ಮುರಿದ್ರೆ?" ಎಂದು ಕೈ ತೆಗೆದ. "ಟಕ್ ಅಂತ ಕೇಳುವವರೆಗೆ ಒತ್ತು" ಎಂದೆ. ಕೇಳಿತು. ರ‍್ಯಾಮ್ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಬೇಕು, 5600ರಲ್ಲಿ ಗ್ರಾಫಿಕ್ಸ್ ಇಲ್ಲ, ಬೋರ್ಡಿಗೆ ಸಿಕ್ಕಿಸಿದರೆ ಪರದೆ ಕಪ್ಪು. ಬಯೋಸಿನಲ್ಲಿ (ವಿಂಡೋಸಿಗೂ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ ಆನ್ ಮಾಡಿ, ಇಲ್ಲದಿದ್ದರೆ 3200ರ ರ‍್ಯಾಮ್ ಕಡಿಮೆ ವೇಗದಲ್ಲೇ ಓಡುತ್ತದೆ. ನಮ್ಮ ಮಾನಿಟರ್ ಸೆಕೆಂಡಿಗೆ 100 ಸಲ ಚಿತ್ರ ಬದಲಿಸಬಲ್ಲದು, ವಿಂಡೋಸಿನಲ್ಲಿ ಅಂಥದ್ದನ್ನು 100 ಹರ್ಟ್ಸ್‌ಗೆ ಬದಲಿಸಲು ಮರೆಯಬೇಡಿ.

ಆಟ ಹೇಗಿದೆ? 1080ಪಿಯಲ್ಲಿ ವ್ಯಾಲೊರಂಟ್ 200 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ) ದಾಟುತ್ತದೆ. ಜಿಟಿಎ ಫೈವ್, ಫೋರ್ಜಾ ಎರಡೂ ಹೈ ಸೆಟ್ಟಿಂಗಿನಲ್ಲಿ ಸರಾಗ. ರೇ ಟ್ರೇಸಿಂಗ್ (ಬೆಳಕು ನೆರಳನ್ನು ನಿಜದಂತೆ ತೋರಿಸುವ ವಿಧಾನ) ಮಾತ್ರ ಈ ಕಾರ್ಡಿಗೆ ಭಾರ, ಅದನ್ನು ಆಫ್ ಮಾಡಿ ಬಿಡಿ. ಮೊದಮೊದಲು ವೈಫೈಯಲ್ಲಿ ಆಡುವಾಗ ಪಿಂಗ್ (ಸರ್ವರಿಗೆ ಹೋಗಿ ಬರಲು ಹಿಡಿಯುವ ಹೊತ್ತು) ಒಮ್ಮೆಗೇ ಮೇಲೆ ಹೋಗುತ್ತಿತ್ತು. ಮುರಕಲ್ಲಿನ ದಪ್ಪ ಗೋಡೆ ದಾಟಿ ಸಿಗ್ನಲ್ ಬರುವುದು ಕಷ್ಟ. ಲ್ಯಾನ್ ಕೇಬಲ್ ಎಳೆದ ಮೇಲೆ ಮುಂಬೈ ಸರ್ವರಿಗೆ ಒಂದೇ ಸಮ ಬರುತ್ತಿದೆ. ಯಕ್ಷಗಾನದ ವಿಡಿಯೊ ಎಡಿಟಿಂಗೂ ಚೆನ್ನಾಗಿ ನಡೆಯುತ್ತದೆ. ಬ್ಲೆಂಡರ್‌ನಲ್ಲಿ 3ಡಿ ಚಿತ್ರ ರೆಂಡರ್ ಮಾಡುವುದೇ ನಿಮ್ಮ ಮುಖ್ಯ ಕೆಲಸವಾದರೆ ಎನ್‌ವಿಡಿಯಾ ಕಾರ್ಡ್ ಕೊಳ್ಳಿ.

ಕೊರತೆಗಳೂ ಇವೆ. ಡಬ್ಬದ ಕೂಲರ್ ಮೇ ತಿಂಗಳ ಸೆಕೆಯಲ್ಲಿ ಜೋರಾಗಿ ಸದ್ದು ಮಾಡುತ್ತದೆ. ಕ್ಯಾಬಿನೆಟ್ಟಿನ ಮುಂದೆ ಜಾಲರಿ ಇರುವುದರಿಂದ ಗಾಳಿಯೇನೋ ಸಾಕಷ್ಟು, ಆದರೆ ಹಿಂದಿನ ತೂತುಗಳಲ್ಲಿ ಹಲ್ಲಿ ನುಗ್ಗುತ್ತದೆ. ಖಾಲಿ ಸ್ಲಾಟುಗಳಿಗೆ ಮುಚ್ಚಳ ಹಾಕಿ, ದೊಡ್ಡ ತೂತಿಗೆ ಸೊಳ್ಳೆ ಪರದೆಯ ತುಂಡು ಅಂಟಿಸಿದೆವು. ಮಳೆಗಾಲದಲ್ಲಿ ದಿನಾ ಸ್ವಲ್ಪ ಹೊತ್ತಾದರೂ ಆನ್ ಮಾಡಿಟ್ಟರೆ ಒಳಗೆ ತೇವ ಕೂರುವುದಿಲ್ಲ. ಇದೊಂದು ನಿಯಮಕ್ಕೆ ಹುಡುಗ ಬಹಳ ಸಂತೋಷದಿಂದ ಒಪ್ಪಿದ.

ಈಗ ಕೊಳ್ಳುವವರಿಗೆ ಒಂದು ತೊಂದರೆ ಇದೆ. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಗೆ ರ‍್ಯಾಮ್ ಬೆಲೆ ವಿಪರೀತ ಏರಿತು. ನಾವು 3,100ಕ್ಕೆ ತಂದ ರ‍್ಯಾಮ್ ಆ ಬೆಲೆಗೆ ಸಿಗುತ್ತದೆಂದು ಲೆಕ್ಕ ಹಾಕಬೇಡಿ. ದುಡ್ಡು ಸಾಲದಿದ್ದರೆ ರೈಜನ್ 5 5600ಜಿ ತೆಗೆದುಕೊಳ್ಳಿ. ಅದರಲ್ಲೇ ಗ್ರಾಫಿಕ್ಸ್ ಇದೆ, ವ್ಯಾಲೊರಂಟ್‌ನಂಥ ಹಗುರ ಆಟಕ್ಕೆ ಸದ್ಯಕ್ಕೆ ಸಾಕು. ಕಾರ್ಡನ್ನು ಮುಂದಿನ ಅಡಿಕೆ ಮಾರಿದಾಗ ಹಾಕಿಸಬಹುದು. ಪವರ್ ಸಪ್ಲೈ ಮಾತ್ರ ಮೊದಲೇ 550 ವ್ಯಾಟಿನದ್ದು ಇರಲಿ.