ಗದ್ದಕ್ಕೆ ಫಿಲ್ಲರ್, ಇಂಪ್ಲಾಂಟ್, ಮೂಳೆ ಸರ್ಜರಿ: ಯಾರಿಗೆ ಯಾವುದು?

ಹಾಸನದಲ್ಲಿರುವ ನನ್ನ ಅಕ್ಕನ ಮಗಳು ಮೂಗು ದೊಡ್ಡದು ಅಂತ ಕೊರಗುತ್ತಿದ್ದಳು. ಪಕ್ಕದಿಂದ ಫೋಟೋ ತೆಗೆದು ನೋಡಿದರೆ ಮೂಗು ಸರಿಯಾಗೇ ಇದೆ, ಗದ್ದ ಹಿಂದಕ್ಕಿದೆ. ಗದ್ದ ಚಿಕ್ಕದಿದ್ದರೆ ಮೂಗು ಎದ್ದು ಕಾಣುತ್ತದೆ, ಅಲ್ವಾ?

ಗದ್ದ ಮುಂದೆ ತರಲು ಮೂರು ದಾರಿ. ಫಿಲ್ಲರ್ ಅಂದರೆ ಗದ್ದ ತುಂಬಿಕೊಳ್ಳಲಿ ಅಂತ ಹಾಕುವ ಇಂಜೆಕ್ಷನ್. ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ. ಹಯಲುರಾನಿಕ್ ಆಸಿಡ್ ಎಂಬ ಜೆಲ್‌ನದ್ದಾದರೆ ಸುಮಾರು ಒಂದು ವರ್ಷ ಇರುತ್ತದೆ, ಇಷ್ಟವಾಗದಿದ್ದರೆ ಕರಗಿಸಲೂಬಹುದು. ಆದರೆ ರಕ್ತನಾಳಕ್ಕೆ ಹೋದರೆ ಅಪಾಯ. ಪಾರ್ಲರ್‌ನಲ್ಲಂತೂ ಹಾಕಿಸಿಕೊಳ್ಳಲೇಬೇಡಿ.

ಇಂಪ್ಲಾಂಟ್ ಅಂದರೆ ಸರ್ಜರಿ ಮಾಡಿ ಗದ್ದದ ಮೂಳೆ ಮೇಲೆ ಕೂರಿಸುವ ತುಂಡು, ಸಾಮಾನ್ಯವಾಗಿ ಸಿಲಿಕೋನ್‌ನದ್ದು. ವರ್ಷಗಟ್ಟಲೆ ಇರುತ್ತದೆ, ಬೇಡವೆಂದರೆ ತೆಗೆಸಬಹುದು. ಸೋಂಕಾಗುವ, ಜರುಗುವ ಭಯವಿದೆ. ಗದ್ದ ಸ್ವಲ್ಪ ಮುಂದೆ ಬಂದರೆ ಸಾಕು ಅನ್ನುವವರಿಗೆ ಸರಿ.

ಮೂಳೆ ಸರ್ಜರಿಗೆ ಜೀನಿಯೋಪ್ಲಾಸ್ಟಿ ಅನ್ನುತ್ತಾರೆ. ಕೆಳತುಟಿಯ ಒಳಗಿಂದ ಕೊಯ್ದು, ಗದ್ದದ ಮೂಳೆ ಕತ್ತರಿಸಿ ಸರಿಸಿ, ಟೈಟಾನಿಯಂ ಪ್ಲೇಟು, ಸ್ಕ್ರೂ ಹಾಕಿ ಕೂರಿಸುತ್ತಾರೆ. ಹೊರಗೆ ಕಲೆ ಉಳಿಯುವುದಿಲ್ಲ. ಮುಂದೆ, ಹಿಂದೆ, ಮೇಲೆ, ಕೆಳಗೆ ಎತ್ತ ಬೇಕಾದರೂ ಸರಿಸಬಹುದು, ಸೊಟ್ಟ ಗದ್ದಕ್ಕೂ ಇದೇ ಒಳ್ಳೆಯದು. ಕೆಳತುಟಿ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಜೋಮು ಹಿಡಿದಂತಿರುತ್ತದೆ. ಕೆಲವರಿಗೆ ಅದು ಹಾಗೇ ಉಳಿಯುತ್ತದೆ, ಇದನ್ನು ಕೇಳದೆ ಒಪ್ಪಬೇಡಿ.

ನಮ್ಮ ಹುಡುಗಿ ತುಟಿ ಮುಚ್ಚಿದರೆ ಗದ್ದದ ಚರ್ಮ ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಅಂದರೆ ತುಟಿ ಮುಚ್ಚಲು ಸ್ನಾಯು ಒದ್ದಾಡುತ್ತಿದೆ. ಇಂಥವರು ಮೂಳೆ ಸರ್ಜರಿ ಬಗ್ಗೆ ಕೇಳುವುದೇ ಸರಿ ಅಂತ ನನಗನಿಸುತ್ತದೆ.

ಮೇಲಿನ ಹಲ್ಲಿನ ಸಾಲು ತುಂಬಾ ಮುಂದಿದ್ದರೆ ತೊಂದರೆ ದವಡೆಯದ್ದೇ ಇರಬಹುದು. ಅದನ್ನು ತೋರಿಸಲು ಸುಮ್ನೆ ಬೆಂಗಳೂರಿಗೆ ಓಡಬೇಕಿಲ್ಲ, ಹಾಸನದಲ್ಲೇ ದಂತ ಕಾಲೇಜಿದೆ.