ರೇಡಿಯೇಟರ್ ಬೇಡ, ಪೈಪ್ ಸಾಕು ಅಂದ ಗ್ಯಾರೇಜು

ನನ್ನದು 2005ರ ಮಾರುತಿ 800, ಏಸಿ ಮಾಡೆಲ್. ಚಾಮರಾಜಪೇಟೆಯ ಮನೆಯಲ್ಲಿ ಹೋಳಿಗೆ, ಚಕ್ಕುಲಿ, ಕೋಡುಬಳೆ ಮಾಡಿ ಗಾಂಧಿ ಬಜಾರು, ಜಯನಗರದ ಅಂಗಡಿಗಳಿಗೆ ನಾನೇ ಕೊಂಡೊಯ್ದು ಕೊಡುತ್ತೇನೆ. ಹಿಂದಿನ ಸೀಟು ಮಡಚಿದರೆ ಆರು ದೊಡ್ಡ ಡಬ್ಬ ಹಿಡಿಯುತ್ತದೆ. ಗಾಡಿ ನಿಂತರೆ ನನ್ನ ಕೆಲಸವೂ ನಿಂತ ಹಾಗೆ. ಅದಕ್ಕೇ ಈ ಗ್ಯಾರೇಜಿನ ಬಗ್ಗೆ ಬರೆಯಬೇಕು ಅನ್ನಿಸಿತು.

ಏಪ್ರಿಲ್‌ನಲ್ಲಿ ಒಂದು ನಾಮಕರಣಕ್ಕೆ ಇನ್ನೂರು ಹೋಳಿಗೆ ತುಂಬಿಕೊಂಡು ಹೊರಟಿದ್ದೆ. ಸೌತ್ ಎಂಡ್ ಸರ್ಕಲ್ ಸಿಗ್ನಲ್‌ನಲ್ಲಿ ಟೆಂಪರೇಚರ್ ಮುಳ್ಳು ಸರ್ರನೆ ಮೇಲೇರಿತು. ಬಾನೆಟ್ ಸಂದಿಯಿಂದ ಹಬೆ. ಜೊತೆಗೊಂದು ಸಿಹಿ ವಾಸನೆ. ಬೆಲ್ಲದ ಪಾಕ ತಳ ಹಿಡಿಯುವಾಗ ಬರುತ್ತದಲ್ಲ, ಹೆಚ್ಚುಕಮ್ಮಿ ಹಾಗೆ. ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿದೆ. ಹೋಳಿಗೆ ಆಟೋದಲ್ಲಿ ಹೋಯಿತು.

ಆಮೇಲೆ ನೆನಪಾಯಿತು. ಒಂದು ವಾರದಿಂದ ಬೆಳಗ್ಗೆ ಗಾಡಿಯ ಕೆಳಗೆ ಹಸಿರು ಹನಿ ಕಾಣುತ್ತಿದ್ದವು. ಏಸಿ ನೀರು ಅಂದುಕೊಂಡು ಸುಮ್ಮನಿದ್ದೆ. ಏಸಿ ನೀರಿಗೆ ಬಣ್ಣ ಇರುವುದಿಲ್ಲ, ಹಸಿರಾಗಿದ್ದರೆ ಅದು ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡಲು ರೇಡಿಯೇಟರಿನಲ್ಲಿ ಓಡಾಡುವ ದ್ರವ. ಕೂಲೆಂಟ್ ವಿಷ, ಆದರೆ ರುಚಿ ಸಿಹಿ. ಬೀದಿ ನಾಯಿಗಳು ನೆಕ್ಕಿಬಿಡುತ್ತವೆ. ನಿಮ್ಮ ಮನೆ ಮುಂದೆ ಕಂಡರೆ ದಯವಿಟ್ಟು ಮೊದಲು ತೊಳೆದುಬಿಡಿ.

ಅವತ್ತು ದಾರಿಯಲ್ಲಿ ಸಿಕ್ಕ ಒಂದು ಗ್ಯಾರೇಜಿನವರು ಪೈಪಿಗೆ ಟೇಪ್ ಸುತ್ತಿ, ನಲ್ಲಿ ನೀರು ಸುರಿದು, "ರೇಡಿಯೇಟರೇ ಹೋಗಿದೆ ಮೇಡಂ, ಏಳು ಸಾವಿರ ಆಗುತ್ತೆ" ಅಂದರು. ಎಲ್ಲಿ ಸೋರುತ್ತಿದೆ ಅಂತ ಕೇಳಿದರೆ ಸರಿಯಾಗಿ ತೋರಿಸಲಿಲ್ಲ. ನನಗೆ ಮನಸ್ಸು ಒಪ್ಪಲಿಲ್ಲ.

ಮಾರನೇ ದಿನ ಉಮಾ ಟಾಕೀಸ್ ಸ್ಟಾಪಿನ ಹತ್ತಿರದ ಸಂದಿಯಲ್ಲಿರುವ ಈ ಚಿಕ್ಕ ಗ್ಯಾರೇಜಿಗೆ ಹೋದೆ. ಬೋರ್ಡ್ ಇಲ್ಲ. "ಹೆಸರು, ನಂಬರ್ ಎಲ್ಲೂ ಹಾಕಬೇಡಿ ಅಮ್ಮ, ಇರೋ ಕೆಲಸಾನೇ ಮುಗಿಯಲ್ಲ" ಅಂತ ಗ್ಯಾರೇಜಿನ ಅಣ್ಣ ಮೊದಲೇ ಹೇಳಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಅರವತ್ತರ ಹತ್ತಿರದ ವಯಸ್ಸು, ಜೊತೆಗೆ ಒಬ್ಬ ಹುಡುಗ.

ಹೋದ ತಕ್ಷಣ ಅವರು ಕೈ ಹಾಕಲಿಲ್ಲ. ಒಂದು ಗಂಟೆ ಗಾಡಿ ಹಾಗೇ ನಿಲ್ಲಿಸಿದರು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ನೀರು ಮುಖಕ್ಕೇ ಹಾರುತ್ತದೆ. ತಣ್ಣಗಾದ ಮೇಲೆ ಟೇಪ್ ಬಿಚ್ಚಿ, ನೀರು ತುಂಬಿ, ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದರು. ಒತ್ತಡ ಬರುವ ತನಕ ಕಾದು, ಆಫ್ ಮಾಡಿ, ಟಾರ್ಚ್ ಹಿಡಿದು, ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಪೈಪಿನ ಅಡಿಗೆ ಬೆರಳು ಹಾಕಿದರು. ಥರ್ಮೋಸ್ಟಾಟ್ ಕಡೆಯ, ಅಂದರೆ ಎಂಜಿನ್ ಕಡೆಯ ಕ್ಲಿಪ್ಪಿನ ಕೆಳಗೆ ಒದ್ದೆ. ಸುತ್ತ ಉಪ್ಪು ಕಟ್ಟಿದ ಹಾಗೆ ಬಿಳಿ ಹಸಿರು ಪುಡಿ. "ನೋಡಿ, ರೇಡಿಯೇಟರ್ ಒಣಗಿದೆ, ಚೆನ್ನಾಗೇ ಇದೆ. ಪೈಪ್ ಹೋಗಿದೆ ಅಷ್ಟೇ." ನನ್ನ ಕೈಯಲ್ಲೂ ಮುಟ್ಟಿಸಿದರು.

ಮತ್ತೆ ತಣ್ಣಗಾಗಲು ಬಿಟ್ಟು, ಹಳೇ ಪೈಪನ್ನು ಎಳೆದು ತಿರುಚದೆ, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಬಿಡಿಸಿದರು. ಜೋರಾಗಿ ಎಳೆದರೆ ಪೈಪ್ ಕೂರುವ ರೇಡಿಯೇಟರಿನ ಮೂತಿಯೇ ಮುರಿಯಬಹುದಂತೆ. ಆಗ ಒಳಗಡೆ ನೋಡಿದೆ. ಹೊರಗಿನಿಂದ ಪೈಪ್ ಕಪ್ಪಗೆ, ಗಟ್ಟಿಯಾಗೇ ಇತ್ತು. ಒಳಗೆ ಮಾತ್ರ ಬೇಸಿಗೆಯ ಕೆರೆಯ ತಳದ ಹಾಗೆ ಬಿರುಕು. ತುದಿಯಲ್ಲಿ ರಬ್ಬರಿನೊಳಗಿನ ನೂಲು ಎದ್ದು ಬಂದಿತ್ತು. ಈ ಪೈಪುಗಳು ಒಳಗಿನಿಂದಲೇ ಹಾಳಾಗುತ್ತಾ ಬರುತ್ತವೆ, ಅದೂ ಕ್ಲಿಪ್ಪಿನ ಹತ್ತಿರ ಜಾಸ್ತಿ. ಎಂಜಿನ್ ತಣ್ಣಗಿರುವಾಗ ತುದಿಯ ಹತ್ತಿರ ಒತ್ತಿ ನೋಡಿ. ಮೆತ್ತಗೆ ಸ್ಪಂಜಿನಂತಿದ್ದರೆ, ಇಲ್ಲವೇ ಒಳಗೆ ಚರಚರ ಅಂದರೆ ಬದಲಿಸುವ ಕಾಲ ಬಂದಿದೆ.

ಸಾಮಾನು ನೀವೇ ತನ್ನಿ, ಬೆಲೆ ನಿಮಗೂ ಗೊತ್ತಾಗಲಿ ಅಂತ ಸೀಳಿದ ಪೈಪನ್ನು ಕೈಗೆ ಕೊಟ್ಟು ಜೆ.ಸಿ. ರಸ್ತೆಗೆ ಕಳಿಸಿದರು. 800 ತಯಾರಿಕೆ 2014ರಲ್ಲೇ ನಿಂತಿದೆ, ಸಿಗುತ್ತೋ ಇಲ್ಲವೋ ಅನ್ನುವ ಅಳುಕಿತ್ತು. ಅಂಗಡಿಯವರು ನನ್ನ ಮಾತು ಮುಗಿಯುವ ಮೊದಲೇ ಎರಡು ಥರದ್ದು ತಂದಿಟ್ಟರು. ಅಣ್ಣ ಹೇಳಿದಂತೆ ಬಾಗು ಮೊದಲೇ ಅಚ್ಚಿನಲ್ಲಿ ಬಂದಿರುವ ಕಂಪನಿ ಪೈಪ್ ತೆಗೆದುಕೊಂಡೆ. ನೇರ ಪೈಪನ್ನು ಬಗ್ಗಿಸಿ ಹಾಕಿದರೆ ಮಧ್ಯೆ ಮಡಚಿಕೊಂಡು ನೀರು ಓಡುವುದಿಲ್ಲ. ಕೆಳಗಿನ ಪೈಪಿಗೂ ಅಷ್ಟೇ ವಯಸ್ಸಾಗಿತ್ತಲ್ವಾ, ಅದನ್ನೂ ತಂದೆ. ಮೇಲಿನದು 310, ಕೆಳಗಿನದು 340, ನಾಲ್ಕು ಕ್ಲಿಪ್ 140, ರೇಡಿಯೇಟರ್ ಮುಚ್ಚಳ 180, ಎರಡು ಲೀಟರ್ ಕೂಲೆಂಟ್ 640, ಡಿಸ್ಟಿಲ್ಡ್ ವಾಟರ್ 60 ರೂಪಾಯಿ.

ಮುಚ್ಚಳ ಯಾಕೆ ಅಂತ ಕೇಳಿದ್ದಕ್ಕೆ "ಕುಕ್ಕರ್ ಇದ್ದ ಹಾಗೆ ಅಮ್ಮ, ಗ್ಯಾಸ್ಕೆಟ್ ಹೋದರೆ ವಿಷಲ್ ಬರುತ್ತಾ?" ಅಂದರು. ಅದು ನನಗೆ ಚೆನ್ನಾಗಿ ಗೊತ್ತು. ಬೆಂಗಳೂರು ಎತ್ತರದ ಊರು, ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಮುಚ್ಚಳ ಬಿಗಿಯಾಗಿದ್ದು ಒಳಗೆ ಒತ್ತಡ ನಿಂತರೆ ಮಾತ್ರ 110 ದಾಟಿದರೂ ಕುದಿಯದೆ ಇರುತ್ತದೆ. ಸಣ್ಣ ಸೋರಿಕೆ ಇದ್ದರೂ ಆ ಒತ್ತಡ ನಿಲ್ಲುವುದಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಪೈಪ್ ಕೂರಿಸಿದ ರೀತಿ. ಮೂತಿಯ ಮೇಲಿನ ಬಿಳಿ ಪುಡಿಯನ್ನೆಲ್ಲ ಎಮರಿ ಕಾಗದದಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಉಗುರು ಆಡಿಸಿ ನೋಡಿದರು. ಹುಡುಗ ಗ್ರೀಸ್ ತಂದಾಗ ಬೇಡ ಅಂದರು. ಎಣ್ಣೆ ಜಿಡ್ಡು ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ. ನಾಲ್ಕು ಹನಿ ಕೂಲೆಂಟ್ ಸವರಿ ತಳ್ಳಿದರು, ಜಾರಿಕೊಂಡು ಕೂತಿತು. ಕ್ಲಿಪ್ಪನ್ನು ಮೂತಿಯ ಉಬ್ಬಿನ ಹಿಂದೆ ಸರಿಸಿ ಹದವಾಗಿ ಬಿಗಿದರು.

ಕೂಲೆಂಟಿಗೆ ಸಮ ಸಮ ಡಿಸ್ಟಿಲ್ಡ್ ವಾಟರ್ ಬೆರೆಸಿದರು. ಬೋರ್ ನೀರು ಹಾಕಿದರೆ ನಮ್ಮ ಪಾತ್ರೆ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನೊಳಗೂ ಕಟ್ಟುತ್ತದೆ. ಆಮೇಲೆ ಮುಚ್ಚಳ ತೆಗೆದೇ ಇಟ್ಟು, ಹೀಟರ್ ಪೂರ್ತಿ ತಿರುಗಿಸಿ, ಎಂಜಿನ್ ಓಡಿಸುತ್ತಾ ಪೈಪನ್ನು ಹಿಸುಕಿದರು. ಗುಳುಗುಳು ಅಂತ ಗಾಳಿ ಬಂತು. ನೀರು ಇಳಿದಂತೆಲ್ಲ ತುಂಬಿಸಿದರು. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವ ತನಕ ಕಾದರು. ಇದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಒಳಗೆ ಗಾಳಿ ಉಳಿದರೆ ಹೊಸ ಪೈಪ್ ಹಾಕಿಯೂ ಗಾಡಿ ಬಿಸಿಯಾಗುತ್ತದೆ.

ಕೂಲಿ 600. ಸಾಮಾನು ಸೇರಿ ಒಟ್ಟು 2,270 ರೂಪಾಯಿ. ಮೂರು ದಿನ ಬಿಟ್ಟು ಬನ್ನಿ ಅಂದಿದ್ದರು. ಹೋದಾಗ ನಾಲ್ಕೂ ಕ್ಲಿಪ್ ನೋಡಿ, ಒಂದನ್ನು ಅರ್ಧ ಸುತ್ತು ಬಿಗಿದರು. ಹೊಸ ರಬ್ಬರ್ ಬಿಸಿಗೆ ಸ್ವಲ್ಪ ಅಮರಿಕೊಳ್ಳುತ್ತದಂತೆ. ಅದಕ್ಕೆ ದುಡ್ಡು ಮುಟ್ಟಲಿಲ್ಲ.

ನಾಲ್ಕು ತಿಂಗಳಾಯಿತು. ಒಂದು ಸಲ ತುಮಕೂರಿಗೂ ಹೋಗಿ ಬಂದೆ. ಮುಳ್ಳು ಅರ್ಧ ದಾಟಿಲ್ಲ, ರೇಡಿಯೇಟರ್ ಪಕ್ಕದ ಕೂಲೆಂಟ್ ಡಬ್ಬದಲ್ಲಿ ಮಟ್ಟ ಗೆರೆಯಿಂದ ಇಳಿದಿಲ್ಲ.

ತೊಂದರೆಗಳೂ ಇವೆ. ಕೂರಲು ಜಾಗವಿಲ್ಲ, ಬಿಲ್ ಕೊಡುವುದಿಲ್ಲ, ಫೋನ್ ಎತ್ತುವುದು ಅಪರೂಪ. ಅವಸರದಲ್ಲಿರುವವರಿಗೆ ಕಷ್ಟ, ನನ್ನ ಇಡೀ ದಿನ ಹೋಯಿತು. ಹೋಗುವುದಾದರೆ ಗಾಡಿಯನ್ನು ಹಿಂದಿನ ರಾತ್ರಿಯೇ ಅಲ್ಲಿ ಬಿಟ್ಟು ಬನ್ನಿ, ಬೆಳಗ್ಗೆ ಒಂಬತ್ತಕ್ಕೆ ತಣ್ಣಗಿನ ಎಂಜಿನ್ ಸಿಕ್ಕರೆ ಮೊದಲು ನಿಮ್ಮದನ್ನೇ ಹಿಡಿಯುತ್ತಾರೆ.