ಬೆಳಗಿನ ಜಾವ ನಾಲ್ಕಕ್ಕೆ ಗೇಟು ತೆಗೀತಾರಾ? ಹೊನ್ನಾವರದ ವ್ಯಾನ್ ಕ್ಯಾಂಪ್, ನಾಲ್ಕು ವರ್ಷ ಬಳಸಿದ ಮೇಲೆ

ತುಮಕೂರಿನಲ್ಲಿ ಬಿ.ಎಚ್. ರಸ್ತೆ ಗೊತ್ತಿಲ್ಲದವರು ಯಾರೂ ಇಲ್ಲ. ಆದರೆ ಬಿ ಅಂದರೆ ಬೆಂಗಳೂರು, ಎಚ್ ಅಂದರೆ ಹೊನ್ನಾವರ ಅಂತ ನನಗೆ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ. ದಿನಾ ತರಕಾರಿಗೆ ಹೋಗುವ ರಸ್ತೆಯನ್ನೇ ಹಿಡಿದು ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ ದಾಟಿದರೆ ಶರಾವತಿ ಸಮುದ್ರ ಸೇರುವ ಜಾಗಕ್ಕೆ ಹೋಗಿ ನಿಲ್ಲುತ್ತೇವೆ. ನನ್ನ ಮೀನಿನ ಹುಚ್ಚಿಗೆ ಇಷ್ಟು ಸಾಕಾಯಿತು.

ಅಲ್ಲಿಯವರೆಗೆ ನನ್ನ ಗಾಳ ಕೆರೆ ಬಿಟ್ಟು ಹೋಗಿರಲಿಲ್ಲ. ಮಾರ್ಕೋನಹಳ್ಳಿ ಡ್ಯಾಂ ಹಿನ್ನೀರು, ಮಳೆ ಚೆನ್ನಾಗಿ ಆದ ವರ್ಷ ಊರ ಸುತ್ತಿನ ಕೆರೆಗಳು, ಸಿಕ್ಕರೆ ಜಿಲೇಬಿ ಮೀನು, ಅದೃಷ್ಟ ಇದ್ದರೆ ಕಾಟ್ಲಾ. ಕೆರೆ ಮೀನುಗಾರನಿಗೆ ಹೊತ್ತಿನ ಚಿಂತೆ ಅಷ್ಟಿಲ್ಲ. ನೀರು ಇದ್ದಲ್ಲೇ ಇರುತ್ತದೆ. ಸಮುದ್ರದ ನೀರು ಹಾಗಲ್ಲ, ಅಲ್ವಾ? ಇದು ಅರ್ಥವಾಗದೆ ನಾನು ಮೊದಲ ಎರಡು ಟ್ರಿಪ್ ಪೂರ್ತಿ ಹಾಳು ಮಾಡಿಕೊಂಡೆ. ಈ ವಿಮರ್ಶೆ ಬರೆಯಲು ಅದೇ ಕಾರಣ.

ನನ್ನ ಗಾಡಿ ಮಾರುತಿ ಈಕೋ, ಐದು ಸೀಟಿನದು. ಹಿಂದಿನ ಸೀಟು ಮಡಚಿ ಅದರ ಮೇಲೆ ಪ್ಲೈವುಡ್ ಹಲಗೆ, ಹಲಗೆ ಮೇಲೆ ಹಾಸಿಗೆ. ಹಲಗೆಗೆ ಒಂದು ಬೋಲ್ಟೂ ಹಾಕಿಲ್ಲ. ಸೀಟು ಕಿತ್ತು ಮಂಚ ಕೂರಿಸಿದರೆ ಗಾಡಿ ಆರ್‌ಸಿಯಲ್ಲಿ ಇದ್ದ ಹಾಗೆ ಉಳಿಯುವುದಿಲ್ಲ, ಅದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು. ಆ ರಗಳೆ ನನಗೆ ಬೇಡ ಅನ್ನಿಸಿತು. ಸಿನಿಮಾದಲ್ಲಿ ತೋರಿಸುವ, ಒಳಗೇ ಮನೆ ಇರುವ ಆರ್‌ವಿಗೂ ಇದಕ್ಕೂ ಆನೆಗೂ ಆಡಿಗೂ ಇರುವಷ್ಟು ವ್ಯತ್ಯಾಸ. ಆದರೆ ನನಗೂ ಗುಬ್ಬಿಯ ನಮ್ಮ ಭಾವನಿಗೂ ಮಲಗಲು ಸಾಲುತ್ತದೆ, ಭಾವ ಗೊರಕೆ ಹೊಡೆಯದಿದ್ದರೆ.

ಮೊದಲ ಸಲ, 2021ರ ನವೆಂಬರಿನಲ್ಲಿ, ಇರುವುದರಲ್ಲೇ ಅಗ್ಗದ ಜಾಗ ಹುಡುಕಿದೆ. ರಾತ್ರಿಗೆ 300 ರೂಪಾಯಿ, ಸಮುದ್ರ ಎದುರಿಗೇ. ಫೋಟೋ ಬಹಳ ಚೆನ್ನಾಗಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ರಾಡ್ ಹಿಡಿದು ಹೊರಟರೆ ಗೇಟಿಗೆ ಬೀಗ. ಕಾವಲಿನವನು ಮಲಗಿದ್ದ. ಕೂಗಿದರೆ ಒಳಗಿನಿಂದಲೇ ಉತ್ತರ: "ಆರೂವರೆಗೆ ಸರ್." ಆರೂವರೆಗೆ ನಾವು ನೀರಿನ ಹತ್ತಿರ ಹೋಗುವ ಹೊತ್ತಿಗೆ ಅಲ್ಲಿಯ ಹುಡುಗರು ಚೀಲ ಕಟ್ಟಿಕೊಂಡು ವಾಪಸ್ ಬರುತ್ತಿದ್ದರು. ಒಬ್ಬನ ಚೀಲದಲ್ಲಿ ಹತ್ತು ಹನ್ನೆರಡು ಕಾಣೆ ಮೀನು. ನಮ್ಮ ಚೀಲದಲ್ಲಿ ಮನೆಯಿಂದ ತಂದ ಚಪಾತಿ.

ಭಾವ ಲೆಕ್ಕ ಹಾಕಿದ. ಹೋಗಿ ಬರುವುದು 700 ಕಿಲೋಮೀಟರಿಗೂ ಜಾಸ್ತಿ. ಈಕೋ ಲೀಟರಿಗೆ ಹದಿನೈದು ಕೊಟ್ಟರೂ ಪೆಟ್ರೋಲಿಗೇ ಐದು ಸಾವಿರ. "ಐದು ಸಾವಿರ ಸುಟ್ಟು ಬಂದು ಇನ್ನೂರು ಉಳಿಸೋಕೆ ಹೋಗಿ ಮೀನೇ ಕಳ್ಕೊಂಡ್ವಲ್ಲಪ್ಪಾ" ಅಂದ. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ.

ಈಗ ಹೋಗುವ ಕ್ಯಾಂಪ್ ಸಿಕ್ಕಿದ್ದು ಅದರ ಮುಂದಿನ ವರ್ಷ. ಹೆಸರು ಬರೆಯುವುದಿಲ್ಲ, ಯಾಕೆ ಅಂತ ಮುಂದೆ ಓದಿದರೆ ತಿಳಿಯುತ್ತದೆ. ಅಳಿವೆಯಿಂದ, ಅಂದರೆ ನದಿ ಸಮುದ್ರ ಸೇರುವ ಬಾಯಿಯಿಂದ, ಸ್ವಲ್ಪ ಒಳಗೆ, ಶರಾವತಿ ದಂಡೆಯ ತೆಂಗಿನ ತೋಟ. ಸಮುದ್ರ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಕೊಂಕಣ ರೈಲ್ವೆಯ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ದೂರದಲ್ಲಿದೆ. ರಾತ್ರಿ ರೈಲು ಹೋದರೆ ಸದ್ದು ನೀರಿನ ಮೇಲೆ ಬಹಳ ಹೊತ್ತು ಉರುಳುತ್ತದೆ. ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಈಗ ಆ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ.

ಫೋನ್ ಮಾಡಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: "ನಾಲ್ಕು ಗಂಟೆಗೆ ಗೇಟು ತೆಗೀತೀರಾ?" ಆ ಕಡೆಯಿಂದ ನಗು. "ಗೇಟೇ ಇಲ್ಲ ತಮಾ, ಬಿದಿರು ಅಡ್ಡ ಇಟ್ಟಿರ್ತೇವೆ. ನೀನೇ ಎತ್ತಿಟ್ಟು ಹೋಗು."

ನಾಲ್ಕು ಗಂಟೆ ಯಾಕೆ ಅಂತೀರಾ? ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರಿನ ಏರಿಳಿತ ಜಾಸ್ತಿ. ಆ ದಿನಗಳಲ್ಲಿ ನಮ್ಮ ಕರಾವಳಿಯಲ್ಲಿ ಬೆಳಗಿನ ಜಾವಕ್ಕೆ ನೀರು ಪೂರ್ತಿ ಇಳಿದಿರುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ಏರಲು ಶುರುವಾಗುತ್ತದೆ. ಅಳಿವೆಯ ಒಳಗೆ ಇನ್ನೂ ಸ್ವಲ್ಪ ತಡ. ಆ ತಿರುವಿನ ಮೊದಲ ಎರಡು ಗಂಟೆಯೇ ನಮಗೆ ಮುಖ್ಯ. ಏರುವ ನೀರಿನ ಜೊತೆ ಮೀನು ಮರಳಿನ ದಿಬ್ಬದ ಮೇಲೆ ಮೇಯಲು ಬರುತ್ತದೆ. ಈ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಹಾಗಾಗಿ ಅಮಾವಾಸ್ಯೆ ಕಳೆದು ಒಂದು ವಾರಕ್ಕೆ ಹೋದರೆ ಲೆಕ್ಕವೆಲ್ಲ ತಲೆಕೆಳಗು. ಅಮ್ಮ ಏಕಾದಶಿಗೆ ಪಂಚಾಂಗ ನೋಡುತ್ತಾರೆ, ನಾನು ಕಾಣೆಗೆ ನೋಡುತ್ತೇನೆ. ಮನೆಯಲ್ಲಿ ಇಬ್ಬರಿಗೂ ಒಂದೇ ಪುಸ್ತಕ.

ಇನ್ನೊಂದು ವಿಷಯ ಅಲ್ಲಿಯ ಕಾವಲಿನ ಹಿರಿಯರು ಹೇಳಿಕೊಟ್ಟಿದ್ದು. ಮೇಲೆ ಗೇರುಸೊಪ್ಪ ಅಣೆಕಟ್ಟೆಯಲ್ಲಿ ಕರೆಂಟ್ ತಯಾರಿಸಿ ಬಿಡುವ ನೀರು ಇದೇ ನದಿಗೆ ಬರುತ್ತದೆ. ಅದು ಜಾಸ್ತಿ ಬಂದ ದಿನ ನದಿಯಲ್ಲಿ ಸಿಹಿನೀರಿನ ಜೋರು. ಆ ದಿನ ಅವರು ನೀರಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ, "ಇವತ್ತು ಕೆಳಗೆ ಹೋಗು, ಅಳಿವೆ ಹತ್ತಿರ" ಅನ್ನುತ್ತಾರೆ. ನಾನೂ ಹಾಗೇ ನಾಲಿಗೆಗೆ ಹಚ್ಚಿ ನೋಡಿದ್ದೇನೆ. ನನಗೆ ಎಲ್ಲಾ ದಿನವೂ ಉಪ್ಪೇ.

ಕ್ಯಾಂಪಿನ ಸೌಕರ್ಯಕ್ಕೆ ಬರೋಣ. ಗಾಡಿ ನಿಲ್ಲಿಸಲು ಎಂಟು ಜಾಗ, ಎರಡು ಸಾಲು. ಕೆಳಗಿನ ಸಾಲು ನೀರಿಗೆ ಹತ್ತಿರ, ನೆಲ ಗಟ್ಟಿ. ಮೇಲಿನ ಸಾಲು ಮರಳು. ಮೇಲಿನ ಸಾಲಿನಲ್ಲಿ ಒಮ್ಮೆ ನನ್ನ ಹಿಂದಿನ ಚಕ್ರ ಅರ್ಧ ಹೂತು, ತೆಂಗಿನ ಗರಿ ಅಡಿಗೆ ಹಾಕಿ ನಾಲ್ಕು ಜನ ತಳ್ಳಬೇಕಾಯಿತು. ಜಾಗಕ್ಕೊಂದು ಚಿರೆಕಲ್ಲಿನ ಮೋಟು ಕಂಬ, ಅದಕ್ಕೆ ಹದಿನೈದು ಆಂಪಿಯರಿನ ಒಂದು ಪ್ಲಗ್. ಸಾಕು. ನನ್ನದು ಒಂದು ಫ್ಯಾನು, ಒಂದು ಲೈಟು, ಫೋನ್ ಚಾರ್ಜರು. ಇಬ್ಬರು ಒಟ್ಟಿಗೆ ನೀರು ಕಾಯಿಸಲು ಕೆಟಲ್ ಹಾಕಿದರೆ ಇಡೀ ಸಾಲಿನ ಕರೆಂಟ್ ಹೋಗುತ್ತದೆ. ಆಮೇಲೆ ಯಾರ ಕೆಟಲ್ ಅಂತ ಒಂದು ಚಿಕ್ಕ ಪಂಚಾಯಿತಿ.

ತೆಂಗಿನ ಮರದ ಕೆಳಗೆ ಗಾಡಿ ನಿಲ್ಲಿಸಬೇಡಿ. ಇದನ್ನು ತುಮಕೂರಿನವರಿಗೆ ಹೇಳಬೇಕಾಗಿಲ್ಲ, ಕಲ್ಪತರು ನಾಡಲ್ಲಿ ಹುಟ್ಟಿದವರು ಮರ ನೋಡಿಯೇ ಗಾಡಿ ನಿಲ್ಲಿಸುತ್ತಾರೆ. ಆದರೆ ಹೊರಗಿನಿಂದ ಬಂದ ಒಬ್ಬರು ನೆರಳು ಅಂತ ಹೊಸ ಕಾರು ನಿಲ್ಲಿಸಿ, ಬೆಳಿಗ್ಗೆ ಬಾನೆಟ್ ಮೇಲೆ ತಟ್ಟೆಯಷ್ಟು ಅಗಲದ ತಗ್ಗು ನೋಡಿ ಕೂತಿದ್ದರು. ನಾನು ಎರಡನೇ ಜಾಗವನ್ನೇ ಕೇಳುತ್ತೇನೆ. ಅಲ್ಲಿ ಮೇಲೆ ಹಲಸಿನ ಮರ ಇದೆ. ಹಣ್ಣಿನ ಕಾಲದಲ್ಲಿ ಅದೂ ಬೇಡ, ಬಿಡಿ.

ಈ ಜಾಗದ ನಿಜವಾದ ಬೆಲೆ ಇರುವುದು ಮೀನು ತೊಳೆಯುವ ಕಟ್ಟೆಯಲ್ಲಿ. ಬಚ್ಚಲಿನಿಂದ ದೂರ, ನದಿ ಕಡೆ, ಸೊಂಟದೆತ್ತರಕ್ಕೆ ಒಂದು ಕಲ್ಲುಚಪ್ಪಡಿ. ಮೇಲೆ ನಲ್ಲಿ, ನೀರು ಹರಿದು ಹೋಗಲು ಒಂದು ಕಡೆ ಇಳಿಜಾರು. ಚಪ್ಪಡಿಯ ಮಧ್ಯ ಇಷ್ಟು ವರ್ಷದ ಚಾಕುವಿನಿಂದ ಸವೆದು ಬೋಗುಣಿ ಹಾಗೆ ಆಗಿದೆ. ಮೀನು ಅದರಲ್ಲೇ ಕೂರುತ್ತದೆ, ಜಾರುವುದಿಲ್ಲ. ಹೊಟ್ಟೆ ಸೀಳಿದ್ದೇ ತಡ, ತಲೆ ಮೇಲೆ ಗರುಡಗಳು ಸುತ್ತಲು ಶುರು. ಕರುಳನ್ನು ಪಕ್ಕದ ಕಂಬದ ಮೇಲಿಟ್ಟರೆ ಎತ್ತಿಕೊಂಡು ಹೋಗುತ್ತವೆ. ಕೆಳಗೆ ಒಂದು ಬೂದು ಬೆಕ್ಕು, ಅದಕ್ಕೆ ತಲೆ ಮಾತ್ರ ಬೇಕು. ಈ ಕಟ್ಟೆ ಇಲ್ಲದ ಕ್ಯಾಂಪಿನಲ್ಲಿ ಮೀನನ್ನು ಬಚ್ಚಲಲ್ಲಿ ತೊಳೆದು ಬೈಸಿಕೊಂಡ ಅನುಭವ ನನಗಿದೆ.

ಮೊದಲ ವರ್ಷ ಮೀನನ್ನು ಥರ್ಮಾಕೋಲ್ ಡಬ್ಬದಲ್ಲಿ ಐಸ್ ಹಾಕಿ ತಂದೆ. ಘಾಟಿಯ ತಿರುವುಗಳಲ್ಲಿ ಡಬ್ಬ ವಾಲಿ, ನೀರು ಹಾಸಿಗೆಯ ಕೆಳಗೆ ಸೋರಿತು. ತುಮಕೂರಿಗೆ ಬಂದ ಮೇಲೆ ಒಂದು ತಿಂಗಳು ಗಾಡಿ ಬಾಗಿಲು ತೆಗೆದರೆ ಮೀನು ಮಾರ್ಕೆಟ್. ಹೆಂಡತಿ ಮಗಳ ಶಾಲೆಗೆ ಆಟೋ ಗೊತ್ತು ಮಾಡಿದಳು, ನನ್ನ ಕೇಳಲೂ ಇಲ್ಲ. ಈಗ ಅಲ್ಲೇ ತೊಳೆದು, ಉಪ್ಪು ಅರಿಶಿನ ಹಚ್ಚಿ, ಎರಡು ಪದರ ಕವರಿನಲ್ಲಿ ಕಟ್ಟಿ, ಗಟ್ಟಿ ಮುಚ್ಚಳದ ಕೂಲರಿನಲ್ಲಿ ತರುತ್ತೇನೆ.

ಇನ್ನು ದೂರುಗಳು. ಶುರುವಿನಲ್ಲಿ ಒಂದು ಗಾಡಿಗೆ, ಇಬ್ಬರಿಗೆ, ರಾತ್ರಿಗೆ 400 ಇತ್ತು, ಕರೆಂಟೂ ಸೇರಿ. ಈಗ 650, ಕರೆಂಟಿಗೆ ಬೇರೆ 100. ಏರಿಕೆ ನನಗೆ ಬೇಸರವಿಲ್ಲ, ಎಲ್ಲವೂ ಏರಿದೆ. ಬೇಸರ ಆಗಿದ್ದು ಕಳೆದ ವರ್ಷ ಬಿಲ್ಲಿನಲ್ಲಿ 'ಮೀನು ಸ್ವಚ್ಛತೆ' ಅಂತ 50 ರೂಪಾಯಿ ಸೇರಿಸಿದಾಗ. ಆ ಸಲ ನಮಗೆ ಒಂದು ಮೀನೂ ಸಿಕ್ಕಿರಲಿಲ್ಲ. ಹೇಳಿದರೆ ಯಜಮಾನರು "ಎಲ್ಲರಿಗೂ ಹಾಕ್ತೇವೆ" ಅಂದರು. ಕೊಟ್ಟು ಬಂದೆ.

ಬೋರಿನ ನೀರು ಏಪ್ರಿಲ್ ನಂತರ ಉಪ್ಪಾಗುತ್ತದೆ. ಸೋಪು ನೊರೆ ಬರುವುದಿಲ್ಲ. ಕುಡಿಯಲು ಇಪ್ಪತ್ತು ಲೀಟರ್ ಕ್ಯಾನ್ ದಾರಿಯಲ್ಲಿ ಸಾಗರ ಪೇಟೆಯಲ್ಲೇ ತುಂಬಿಸಿಕೊಳ್ಳಿ. ಸಂಜೆ ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ಕಡೆಯಿಂದ ನುಸಿ ಬರುತ್ತದೆ. ಕಿಟಕಿಗೆ ಅಯಸ್ಕಾಂತದ ಸೊಳ್ಳೆ ಪರದೆ ಹಾಕಿದರೂ ಸಣ್ಣವು ನುಗ್ಗುತ್ತವೆ. ಸಮುದ್ರದ ಗಾಳಿಗೆ ಗಾಡಿಯ ಅಡಿ ತುಕ್ಕು ಹಿಡಿಯುತ್ತದೆ. ಪ್ರತಿ ಸಲ ವಾಪಸ್ ಬಂದ ಮರುದಿನ ಅಡಿಯಿಂದ ನೀರು ಹೊಡೆಸುತ್ತೇನೆ, ರೀಲನ್ನು ಸಿಹಿನೀರಲ್ಲಿ ತೊಳೆದು ಎಣ್ಣೆ ಹಾಕುತ್ತೇನೆ. ಒಂದು ಸಲ ಮರೆತೆ. ಆ ರೀಲು ಈಗ ಮಗಳ ಆಟದ ಸಾಮಾನು.

ದೊಡ್ಡ ದೂರು ಬೇರೆ. ಎರಡು ವರ್ಷದಿಂದ ಶನಿವಾರ ಬೆಂಗಳೂರಿನ ಗುಂಪುಗಳು ಬರುತ್ತಿವೆ. ಸ್ಪೀಕರ್, ಬೆಂಕಿ, ರಾತ್ರಿ ಒಂದರವರೆಗೆ ಕುಣಿತ. ನಾಲ್ಕಕ್ಕೆ ಏಳುವವನು ಒಂದಕ್ಕೆ ಮಲಗಿದರೆ ಏನು ಗತಿ? ಕೇಳಿದರೆ, "ಅವರು ಟೆಂಟಿಗೆ ಒಬ್ಬೊಬ್ಬರೂ ಸಾವಿರ ಕೊಡ್ತಾರೆ" ಅನ್ನುವ ಉತ್ತರ. ನನ್ನ 650ಕ್ಕೆ ಬೆಲೆ ಎಷ್ಟು ಅಂತ ಅರ್ಥವಾಯಿತು. ಈಗ ಬುಧವಾರ, ಗುರುವಾರ ರಜೆ ಹಾಕಿಯೇ ಹೋಗುತ್ತೇನೆ. ಅಮಾವಾಸ್ಯೆ ವಾರದ ಮಧ್ಯೆ ಬಿದ್ದರೆ ನನ್ನ ಹಬ್ಬ.

2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕ ಕಾಸರಕೋಡು ಬೀಚ್ ಹತ್ತಿರದಲ್ಲೇ ಇದೆ. ಮನೆಯವರನ್ನು ಕರೆದುಕೊಂಡು ಹೋದರೆ ಅಲ್ಲಿ ಬಿಡಬಹುದು, ಮಕ್ಕಳಿಗೆ ಚೆನ್ನ. ಗಾಳ ಹಾಕಲು ಬೇಡ, ಜನ ಜಾಸ್ತಿ, ಯಾರ ಕಾಲಿಗೆ ಸಿಕ್ಕಿಕೊಳ್ಳುತ್ತದೋ.

ಯಾವಾಗ ಹೋಗಬೇಕು ಅಂದರೆ ನವೆಂಬರಿನಿಂದ ಫೆಬ್ರವರಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ದಡದಿಂದ ಗಾಳ ಹಾಕೋಣ ಅಂತ ಕೆಲವರು ಕೇಳುತ್ತಾರೆ. ನದಿ ಕೆಂಪಾಗಿ ಹರಿಯುತ್ತಿರುತ್ತದೆ, ಸಮುದ್ರ ಬಂಡೆ ಮೇಲೆ ನಿಲ್ಲಲು ಬಿಡುವುದಿಲ್ಲ. ಕ್ಯಾಂಪೂ ಮುಚ್ಚಿರುತ್ತದೆ. ಆಗ ನಮ್ಮ ಕೆರೆಗಳೇ ವಾಸಿ.

ಮೀನಿನ ಬಗ್ಗೆ ಕೇಳುವವರಿಗೆ: ಕಾಣೆಗೆ ಸಣ್ಣ ಗಾಳ, ಸುಲಿದ ಸಿಗಡಿ ಚೂರು, ಮರಳಿನ ತಳ. ಕಾಂಡ್ಲಾ ಬೇರಿನ ಹತ್ತಿರ ಕೆಂಬೇರಿ ಸಿಗುತ್ತದೆ, ಸಿಕ್ಕಿದರೆ ಮೊದಲ ಎಳೆತಕ್ಕೇ ದಾರ ಬೇರಿಗೆ ಸುತ್ತಿಬಿಡುತ್ತದೆ. ನಾಲ್ಕು ವರ್ಷದಲ್ಲಿ ನನಗೆ ದಡಕ್ಕೆ ಬಂದಿದ್ದು ಎರಡೇ. ಕಳೆದುಕೊಂಡ ಗಾಳದ ಲೆಕ್ಕ ಇಟ್ಟಿಲ್ಲ.

ಅಂಕ ಕೊಡಿ ಅಂದರೆ ವಾರದ ದಿನಗಳಿಗೆ ಐದಕ್ಕೆ ನಾಲ್ಕು, ಶನಿವಾರಕ್ಕೆ ಒಂದೂವರೆ. ಕಳೆದ ತಿಂಗಳು ಹೋದಾಗ ಬಿದಿರಿನ ಜಾಗದಲ್ಲಿ ಹೊಸ ಕಬ್ಬಿಣದ ಗೇಟು ಬಂದಿತ್ತು, ಹಸಿರು ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಎದೆ ಧಸಕ್ಕೆಂದಿತು. ಹಿರಿಯರನ್ನು ಕೇಳಿದೆ. ಅವರು ಸೊಂಟದ ದಾರದಿಂದ ಒಂದು ಬೀಗದ ಕೈ ಬಿಚ್ಚಿ ಕೊಟ್ಟರು. "ಯಜಮಾನರಿಗೆ ಹೇಳ್ಬೇಡ ತಮಾ. ಹೋಗುವಾಗ ಮೀನು ತೊಳೆಯೋ ಕಲ್ಲಿನ ಅಡಿ ಇಟ್ಟು ಹೋಗು."